ಹೊಸ್ತಿಲಲ್ಲಿ ಮೂರು ಉಸಿರು

ಮೊನ್ನೆ ಬೆಳಿಗ್ಗೆ ಬ್ರಹ್ಮಾವರದ ನಮ್ಮ ಮನೆಯ ಅಡುಗೆಕೋಣೆಯಿಂದ ಗೋಧಿಹಿಟ್ಟಿನೊಳಗೆ ತೆಂಗಿನತುರಿ ಸೀಯುವ ವಾಸನೆ ಬಂತು. ಹಾಸಿಗೆಯಲ್ಲಿದ್ದ ನಾನು ಎದ್ದು ಕುಳಿತೆ. ಎಂಬತ್ತು ದಾಟಿದ ಮೇಲೆ ನನ್ನನ್ನು ಹಾಗೆ ಎಬ್ಬಿಸಿ ಕೂರಿಸುವುದು ಸೊಂಟದ ನೋವು ಮಾತ್ರ ಎಂದುಕೊಂಡಿದ್ದೆ. ಒಳಗೆ ಹೋಗಿ ನೋಡಿದರೆ ಮೊಮ್ಮಗನ ಹೆಂಡತಿ ಕಾವಲಿಯ ಮೇಲೆ ದಪ್ಪ ದಪ್ಪ ರೊಟ್ಟಿ ಒತ್ತುತ್ತಿದ್ದಾಳೆ.

"ಇದ್ ಹೊಸ ರುಚಿ ಅಜ್ಜಿ, ಶ್ರೀಲಂಕಾದ್ದ್. ಮೊಬೈಲಂಗೆ ಕಂಡ್ ಮಾಡ್ದೆ," ಎಂದಳು.

"ಶ್ರೀಲಂಕಾದ್ದಲ್ಲ ಮಗಾ, ಹೆಮ್ಮಾಡಿದ್ದ್," ಎಂದೆ.

ಅಜ್ಜಿಗೆ ಅರಳುಮರಳು ಶುರುವಾಯಿತು ಎಂದು ಅವಳು ನಕ್ಕಳು. ನಾನೂ ನಕ್ಕೆ. ಆದರೆ ಮೊದಲ ತುಂಡು ಬಾಯಿಗೆ ಹಾಕಿಕೊಂಡಾಗ ಕಣ್ಣು ತುಂಬಿತು. ತಪ್ಪನ್ನು ಕಾವಲಿಯ ಹೊಗೆಯ ಮೇಲೆ ಹೊರಿಸಿ ಜಗಲಿಗೆ ಬಂದು ಕುಳಿತೆ.

ನಾನು ಕುಂದಾಪುರದ ಆಚೆಯ ಹೆಮ್ಮಾಡಿಗೆ ಹೋದದ್ದು ಅರವತ್ತಾರರ ಮಳೆಗಾಲದ ಮೊದಲಿಗೆ. ಇಪ್ಪತ್ತೆರಡು ವರ್ಷ ವಯಸ್ಸು. ಹೆರಿಗೆ ಮಾಡಿಸುವ ತರಬೇತಿ ಮುಗಿಸಿದ ನರ್ಸಾಗಿ ಅದೇ ಮೊದಲ ನೇಮಕ. ಕೈಯಲ್ಲೊಂದು ತಗಡಿನ ಪೆಟ್ಟಿಗೆ, ಅದರೊಳಗೆ ಕತ್ತರಿ, ದಾರ, ಸ್ಪಿರಿಟ್ ಬಾಟಲಿ, ಮಡಿಸಿದ ರಬ್ಬರ್ ಹಾಳೆ. ತಲೆಯೊಳಗೆ ಜಗತ್ತನ್ನೇ ಉದ್ಧಾರ ಮಾಡುವ ಜಂಬ. ಹೆದ್ದಾರಿಯಿಂದ ಸ್ವಲ್ಪ ಒಳಗೆ ಒಂದು ಹೆಂಚಿನ ಮನೆಯ ಎದುರುಕೋಣೆ ಬಾಡಿಗೆಗೆ ಸಿಕ್ಕಿತು. ಮನೆಯೊಡತಿ ಅಕ್ಕಣಿ ಶೆಡ್ತಿ. ಅರವತ್ತರ ಆಸುಪಾಸು, ಸಣ್ಣ ಆಳು, ಬಾಯಿ ತುಂಬ ಎಲೆಯಡಿಕೆ. ಊರಿನವರು ಬೆನ್ನ ಹಿಂದೆ ಸಿಲೋನಮ್ಮ ಎನ್ನುತ್ತಿದ್ದರು, ಕೆಲವರು ಎದುರಿಗೂ.

ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಕೊಲಂಬೊಗೆ ಹೋದವಳು ಅವಳು. ಅಲ್ಲಿ ಅವರದ್ದೊಂದು ಚಹಾದ ಅಂಗಡಿ ಇತ್ತಂತೆ. ಗಂಡ ತೀರಿದ ಮೇಲೂ ಅಂಗಡಿ ನಡೆಸಿದಳು. ಆಮೇಲೆ ಅಲ್ಲಿ ಗಲಾಟೆಗಳಾದವು, ಹೊರಗಿನವರು ಇರುವುದು ಕಷ್ಟವಾಯಿತು, ಒಂದು ಟ್ರಂಕು ಹಿಡಿದುಕೊಂಡು ಊರಿಗೆ ಬಂದಳು. ಟ್ರಂಕಿನಲ್ಲಿ ಚಿನ್ನ ಇದೆ ಎಂದು ಊರು ನಂಬಿತ್ತು. ನಾನು ಕಂಡಂತೆ ಇದ್ದದ್ದು ಎರಡು ಬಿಳಿ ಸೀರೆ, ಒಂದು ಹಿತ್ತಾಳೆ ಬಟ್ಟಲು, ಮತ್ತು ಅಂಗಡಿಯ ಹಿಂದಿನ ಬೌದ್ಧ ವಿಹಾರದಲ್ಲಿ ಕಲಿತ ಒಂದು ಅಭ್ಯಾಸ.

ಆ ಅಭ್ಯಾಸ ನನಗೆ ಮೊದಲ ದಿನವೇ ಕಣ್ಣಿಗೆ ಬಿತ್ತು. ಬೆಳಿಗ್ಗೆ ಮಿಂದು ಬಂದವಳು ಎದುರುಬಾಗಿಲ ಹೊಸ್ತಿಲ ಒಳಗೆ ಕಾಲು ಮಡಚಿ ಕೂರುತ್ತಿದ್ದಳು. ಹಿತ್ತಾಳೆ ಬಟ್ಟಲಲ್ಲಿ ನೀರು, ನೀರಿನಲ್ಲಿ ಒಂದೇ ಒಂದು ಹೂ, ಅದನ್ನು ಹೊಸ್ತಿಲ ಮೇಲಿಡುತ್ತಿದ್ದಳು. ಕಣ್ಣು ಅರ್ಧ ಮುಚ್ಚಿ ಮಳೆಯ ಕಡೆ ಮುಖ ಮಾಡಿ ಮುಕ್ಕಾಲು ಗಂಟೆ ಹಾಗೇ. ದೇವರ ಪಟವಿಲ್ಲ, ದೀಪವಿಲ್ಲ, ಮಣಮಣವಿಲ್ಲ. ಒಲೆಯ ಮೇಲೆ ಹಾಲಿದ್ದರೆ ಮಾತ್ರ ಮಧ್ಯೆ ಒಂದು ಕಣ್ಣು ಪೂರ್ತಿ ತೆರೆಯುತ್ತಿತ್ತು.

"ಎಂತ ಅಕ್ಕಣಿಯಮ್ಮ, ಹೀಂಗ್ ಕೂಕಂಡ್ರೆ ಎಂತ ಸಿಕ್ಕತ್ತ್?" ಎಂದು ಕೇಳಿದೆ. ಪೆಟ್ಟಿಗೆಯ ಜಂಬ ಮಾತಾಡುತ್ತಿತ್ತು.

"ಸಿಕ್ಕೂದೆಂತದ್ದ್ ಹೆಣೆ? ಉಸ್ರ್ ಬತ್ತ್, ಉಸ್ರ್ ಹೋತ್ತ್. ಹೊಸ್ಲಂಗೆ ಕೂಕಂಡ್ ಕಾಂಬುದ್, ಅಷ್ಟೇ. ಬಪ್ಪವ್ರನ್ನ್ ಕೈ ಹಿಡ್ದ್ ಎಳೂಕಿಲ್ಲೆ, ಹೋಪವ್ರನ್ನ್ ದೂಡೂಕಿಲ್ಲೆ."

ಅಲ್ಲಿನ ವಿಹಾರದ ಮುದಿ ಭಿಕ್ಷು ಒಬ್ಬರು ಹೇಳಿಕೊಟ್ಟದ್ದಂತೆ. ಇವಳು ಅಂಗಡಿಯಿಂದ ಅವರಿಗೆ ದಿನಾ ಊಟ ಒಯ್ದು ಕೊಡುತ್ತಿದ್ದಳು. ಗಂಡ ಸತ್ತು ಒಂದು ತಿಂಗಳು ಇವಳಿಗೆ ಮಾತೇ ಹೊರಡದಿದ್ದಾಗ ಅವರು, "ಮಾತಾಡಬೇಡ, ಉಸಿರಾಡು ಸಾಕು" ಎಂದರಂತೆ. ಬುದ್ಧನ ಬಗ್ಗೆ ಇವಳಿಗೆ ತಿಳಿದದ್ದು ಅಷ್ಟರಲ್ಲೇ ಇತ್ತು. ಹಬ್ಬ ಬಂದರೆ ಎಲ್ಲರ ಹಾಗೆ ದೇವಸ್ಥಾನಕ್ಕೂ ಹೋಗಿ ಬರುತ್ತಿದ್ದಳು.

ಅದು ಕೆಟ್ಟ ವರ್ಷ. ಹಿಂದಿನ ವರ್ಷ ಯುದ್ಧ, ಎಲ್ಲೆಲ್ಲೂ ಮಳೆ ಕೈಕೊಟ್ಟು ಈ ವರ್ಷ ಅಕ್ಕಿ ಇಲ್ಲ. ರೇಷನ್ ಅಂಗಡಿಯಲ್ಲಿ ಅಕ್ಕಿಯ ಬದಲು ಗೋಧಿಕಾಳು ಬಂತು. ಕುಚ್ಚಲಕ್ಕಿ ಗಂಜಿಯಲ್ಲಿ ಹುಟ್ಟಿ ಬೆಳೆದ ನಮ್ಮವರಿಗೆ ಈ ಕಾಳನ್ನು ಏನು ಮಾಡಬೇಕೆಂದು ಯಾರು ಹೇಳಿದ್ದರು? ಅಕ್ಕಿಯ ಹಾಗೆಯೇ ತೊಳೆದು, ಗಡಿಗೆಯಲ್ಲಿ ಕುದಿಯುವ ನೀರಿಗೆ ಸುರಿದು, ಗಂಜಿಯಾಗಲಿ ಎಂದು ಕಾದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಸೌದೆ ಸುಟ್ಟರೂ ಕಾಳು ಹಲ್ಲಿಗೆ ರಬ್ಬರೇ. ತಿಳಿಯನ್ನು ಬಸಿದು ಕುಡಿದು, ಉಪ್ಪಿನಕಾಯಿ ನಂಜಿಕೊಂಡು, ಸರ್ಕಾರಕ್ಕೆ ಶಾಪ ಹಾಕಿದರು. ನನ್ನ ಹತ್ತಿರ ಬಂದವರಲ್ಲಿ ಅರ್ಧ ಜನರಿಗೆ ಹೊಟ್ಟೆನೋವು.

ಅಕ್ಕಣಿಯಮ್ಮ ಇದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಬೀಸುಕಲ್ಲನ್ನು ಚಾವಡಿಗೆ ತಂದಿಟ್ಟಳು. ಗೋಧಿ ಬೀಸಿ, ಅದಕ್ಕೆ ಸಮಸಮ ತೆಂಗಿನತುರಿ, ಹಸಿಮೆಣಸು, ಉಪ್ಪು ಹಾಕಿ ಕಲಸಿ, ಅಂಗೈಯಲ್ಲಿ ತಟ್ಟಿ ಕಾವಲಿಗೆ. ಕೊಲಂಬೊದಲ್ಲಿ ಅವಳ ಅಂಗಡಿಗೆ ಬರುತ್ತಿದ್ದ ಬಂದರಿನ ಕೂಲಿಯವರ ತಿಂಡಿ ಅದು. ನಾಲ್ಕು ದಿನದಲ್ಲಿ ಊರಿನ ಹೆಂಗಸರು ಮಧ್ಯಾಹ್ನ ಮಧ್ಯಾಹ್ನ ಗೋಧಿ ಕಟ್ಟಿಕೊಂಡು ನಮ್ಮ ಚಾವಡಿಗೆ ಬರತೊಡಗಿದರು. ಪಕ್ಕದ ಮನೆಯ ರುಕ್ಕು ಶೆಡ್ತಿಯೂ ಬಂದಳು. ದೊಡ್ಡ ಗದ್ದೆ ಬಯಲಿನ ಯಜಮಾನಿ, ಮಾತು ಜೋರು. ಮಗ ಮುಂಬೈಯಲ್ಲಿ ಹೋಟೆಲಿನಲ್ಲಿದ್ದ, ಸೊಸೆ ವನಜಾ ಚೊಚ್ಚಲ ಬಸುರಿಯಾಗಿ ಇವಳ ಜೊತೆಗಿದ್ದಳು.

ಆಸಾಡಿ ತಿಂಗಳಲ್ಲಿ ನನಗೆ ಕುದ್ರಿನಿಂದ ಕರೆ ಬಂತು.

ಕುದ್ರು ಎಂದರೆ ಹೊಳೆಯ ನಡುವಿನ ನಡುಗಡ್ಡೆ. ಏಳೆಂಟು ಮನೆ. ಗುಲಾಬಿ ಎಂಬ ನನ್ನದೇ ವಯಸ್ಸಿನ ಹುಡುಗಿಗೆ ಹೆರಿಗೆ ನೋವು. ಹೊಳೆ ಕೆಂಪಾಗಿ ಏರಿತ್ತು. ನನ್ನನ್ನು ತಂದು ಬಿಟ್ಟ ದೋಣಿಯವನು ಇನ್ನು ಈ ನೀರಿನಲ್ಲಿ ಯಾರನ್ನೂ ಕುಂದಾಪುರದ ಆಸ್ಪತ್ರೆಗೆ ಸಾಗಿಸಲು ಆಗುವುದಿಲ್ಲ ಎಂದು ಮೊದಲೇ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಮಗು ಹುಟ್ಟಿತು. ಮಗುವನ್ನು ಸುತ್ತಿ ಅತ್ತೆ ಬಚ್ಚಿಯ ಕೈಗೆ ಕೊಟ್ಟು ಒಲೆಯ ಹತ್ತಿರ ಕಳಿಸಿದೆ. ತಿರುಗಿ ನೋಡುವಷ್ಟರಲ್ಲಿ ಗುಲಾಬಿಗೆ ರಕ್ತ ಹೋಗತೊಡಗಿತ್ತು. ಕಲಿತದ್ದನ್ನೆಲ್ಲ ಮಾಡಿದೆ. ಹೊಟ್ಟೆ ಒತ್ತಿದೆ, ಕಾಲು ಎತ್ತಿಸಿದೆ, ಬಟ್ಟೆ ತುಂಬಿದೆ. ನಿಲ್ಲಲಿಲ್ಲ.

ಕೋಣೆಯಲ್ಲಿ ನಾವಿಬ್ಬರೇ. ಅವಳು ನನ್ನ ಮುಂಗೈ ಮುಟ್ಟಿ, "ನರ್ಸಮ್ಮ, ಎಂತ ಮಗು?" ಎಂದು ಕೇಳಿದಳು.

ನಾನು, "ಮಾತಾಡ್ಬೇಡ, ಸುಮ್ನಿರ್," ಎಂದು ಗದರಿದೆ. ಹೆದರಿಕೆಯಲ್ಲಿ ಬಂದ ಗದರಿಕೆ. ಅವಳು ಸುಮ್ಮನಾದಳು. ಸ್ವಲ್ಪ ಹೊತ್ತಿಗೆ ಪೂರ್ತಿ ಸುಮ್ಮನಾದಳು.

ಯಾರೂ ನನ್ನನ್ನು ಬೈಯಲಿಲ್ಲ. ಬಚ್ಚಿ ಅಳುತ್ತಲೇ ನನಗೆ ಕೈ ತೊಳೆಯಲು ನೀರು ಹೊಯ್ದಳು. ಕುಂದಾಪುರದ ಡಾಕ್ಟರು, ಆಸ್ಪತ್ರೆಯಲ್ಲಿದ್ದರೂ ಉಳಿಸುವುದು ಕಷ್ಟವಿತ್ತು ಎಂದರು. ಅದನ್ನು ನಾನು ನಂಬಿದೆ. ಸಾವಿನ ಲೆಕ್ಕವನ್ನು ಹೇಗೋ ಒಪ್ಪಿಕೊಳ್ಳಬಹುದಿತ್ತು. ಆದರೆ ತನ್ನ ಮಗು ಹೆಣ್ಣೋ ಗಂಡೋ ಎಂದು ತಿಳಿಯದೆ ಒಬ್ಬ ತಾಯಿ ಹೋದಳಲ್ಲ, ಒಂದು ಶಬ್ದದ ಉತ್ತರ ನನ್ನ ಬಾಯಲ್ಲೇ ಇತ್ತಲ್ಲ! ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಅದಾದ ಮೇಲೆ ಹೆರಿಗೆಯೆಂದರೆ ತಪ್ಪಿಸಿಕೊಳ್ಳತೊಡಗಿದೆ. ಬಸುರಿಯರ ಮನೆಯಿಂದ ಕರೆ ಬಂದರೆ ಜ್ವರ, ತಲೆನೋವು, ಏನಾದರೊಂದು ನೆಪ ಹೇಳಿ ಊರಿನ ಹಳೆಯ ಸೂಲಗಿತ್ತಿಯನ್ನು ಕಳಿಸುತ್ತಿದ್ದೆ. ಒಂದು ಮನೆಯ ಹೊಸ್ತಿಲವರೆಗೆ ಹೋಗಿ, ಒಳಗಿನ ನರಳಾಟ ಕೇಳಿ, ಅಂಗಳದಿಂದಲೇ ತಿರುಗಿ ಬಂದೆ. ಕುದ್ರಿನ ಆ ಮಗುವನ್ನು ವಾರಕ್ಕೊಮ್ಮೆ ಹೋಗಿ ನೋಡಬೇಕಾದದ್ದು ನನ್ನದೇ ಕೆಲಸ. ಒಂದು ದಿನವೂ ಹೋಗಲಿಲ್ಲ. ಕೆಲಸ ಬಿಡುತ್ತೇನೆಂದು ಕಾಗದ ಬರೆದು ಪೆಟ್ಟಿಗೆಯಲ್ಲಿ ಕತ್ತರಿಯ ಕೆಳಗಿಟ್ಟೆ. ನಾಳೆ ಅಂಚೆಗೆ ಹಾಕಿದರಾಯಿತು ಎಂದು ದಿನಾ ಅಂದುಕೊಳ್ಳುತ್ತಿದ್ದೆ.

ಅಕ್ಕಣಿಯಮ್ಮ ನನ್ನನ್ನು ಏನೂ ಕೇಳಲಿಲ್ಲ. ಒಂದು ದಿನ ನನ್ನ ಕೋಣೆಗೆ ಬಂದು, "ಗೋಡೆ ಕಾಂತಾ ಕೂಕಂಡದ್ದ್ ಸಾಕ್. ಗೋಧಿ ಬೀಸೂಕ್ ಜನ ಇಲ್ಲೆ, ಬಾ," ಎಂದು ಎಬ್ಬಿಸಿಕೊಂಡು ಹೋದಳು.

ಬೀಸುಕಲ್ಲಿನ ಎದುರು ಕೂರಿಸಿ ಹೇಳಿದಳು: "ಕಲ್ಲ್ ನಿನ್ನ್ ಕಡಿಗ್ ಬಪ್ಪತಿಗೆ ಉಸ್ರ್ ಒಳ್ಗೆ. ಆಚಿಗ್ ಹೋಪತಿಗೆ ಉಸ್ರ್ ಹೊರ್ಗೆ. ಗುಲಾಬಿ ನೆನ್ಪಾದ್ಳಾ, ಬರ್ಲಿ, ಕೂಕಣ್ಲಿ. ನೀನ್ ಕಲ್ಲ್ ಬಿಡ್ಬೇಡ."

ಗುಲಾಬಿ ಬಂದಳು. ಕಲ್ಲಿನ ಪ್ರತಿ ಸುತ್ತಿಗೂ ಬಂದಳು. ಮೊದಲ ದಿನ ಅತ್ತದ್ದಕ್ಕೆ ಹಿಟ್ಟು ಒದ್ದೆಯಾಗಿ, ಅದರ ರೊಟ್ಟಿಗೆ ಉಪ್ಪು ಹಾಕುವುದು ಬೇಡ ಎಂದು ಅಕ್ಕಣಿಯಮ್ಮ ಹಾಸ್ಯ ಮಾಡಿದಳು. ನನಗೆ ಸಿಟ್ಟು ಬಂತು. ಮರುದಿನವೂ ಬೀಸಿದೆ. ವಾರ ಕಳೆದ ಮೇಲೆ ಒಮ್ಮೆ, ಹತ್ತು ಸುತ್ತು ಹೋಗುವವರೆಗೆ ಕಲ್ಲು ಬರೀ ಕಲ್ಲಾಗಿಯೇ ಇತ್ತು, ಗೋಧಿ ಬರೀ ಗೋಧಿಯಾಗಿಯೇ ಇತ್ತು. ಹೊರಗೆ ಮಳೆ ಸುರಿಯುತ್ತಿದ್ದದ್ದು ಕೇಳಿಸಿತು. ಮಳೆಯ ಶಬ್ದ ನನಗೆ ಕೇಳಿಸದೆ ಎಷ್ಟೋ ದಿನಗಳಾಗಿದ್ದವು ಎಂದು ಆಗಲೇ ತಿಳಿದದ್ದು.

ಇನ್ನೊಂದು ಪಾಠವಿತ್ತು, ಅದು ಇದಕ್ಕಿಂತ ಕಷ್ಟ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ಕೇಳುತ್ತಿದ್ದಳು: "ಇವತ್ತ್ ಯಾರ್ ಖುಷಿ ಕಂಡೆ?" ನಮ್ಮ ಖುಷಿಯಲ್ಲ, ಇನ್ನೊಬ್ಬರದ್ದು. ಅದನ್ನು ಕಂಡು, ನಮ್ಮದೇ ಎನ್ನುವ ಹಾಗೆ ಖುಷಿಪಡಬೇಕು. ಅದೂ ಭಿಕ್ಷು ಕಲಿಸಿದ ಅಭ್ಯಾಸವೇ. ಅಂಥ ವರ್ಷದಲ್ಲಿ ಖುಷಿಯನ್ನು ಎಲ್ಲಿ ಹುಡುಕುವುದು? ಮೊದಮೊದಲು ಉರಿಮುಖ ಮಾಡಿಕೊಂಡು, "ಸೀಮೆಎಣ್ಣೆ ಸಿಕ್ಕಿದ ಒಬ್ಬ ಬಾಟ್ಲಿಗ್ ಮುತ್ತ್ ಕೊಟ್ಟ," ಎಂದೆ. ಅವಳು ನಿಜವಾಗಿಯೂ ಸಂತೋಷಪಟ್ಟು, ಅವನ ಬಾಟಲಿ ತುಂಬಿತ್ತಾ, ಅರ್ಧವಾ ಎಂದೆಲ್ಲ ವಿಚಾರಿಸಿದಳು. ಆಮೇಲೆ ನನಗೆ ಹುಡುಕುವುದು ರೂಢಿಯಾಯಿತು. ತಲ್ಲೂರಿನ ಕಡೆ ನಡೆದು ಹೋಗುವಾಗ ಕಣ್ಣು ತನ್ನಷ್ಟಕ್ಕೇ ಅದನ್ನು ಹುಡುಕುತ್ತಿತ್ತು. ಗದ್ದೆಯ ಅಂಚಿನಲ್ಲಿ ಮಳೆಗೆ ಹೊದೆಯುವ ಗೊರಬು ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿದ ಹೆಂಗಸು, ಮುಂಬೈಯ ಕಾಗದ ಬಂದ ಮನೆ, ಕಳೆದುಹೋಗಿ ಸಿಕ್ಕಿದ ಕರು. ದುಃಖ ಇದ್ದಲ್ಲೇ ಇತ್ತು, ಆದರೆ ಅದರ ಪಕ್ಕದಲ್ಲಿ ಇನ್ನೊಂದಷ್ಟು ಜಾಗ ಆಯಿತು.

ಹೀಗಿರುವಾಗ ಸೋಣ ಬಂತು. ಸೋಣ ಎಂದರೆ ನಮ್ಮ ಕಡೆ ಹೊಸ್ತಿಲಿನ ತಿಂಗಳು. ಮುತ್ತೈದೆಯರು ದಿನಾ ಹೊಸ್ತಿಲು ತೊಳೆದು, ಶೇಡಿಮಣ್ಣಿನಲ್ಲಿ ಬಿಳಿ ಗೆರೆ ಎಳೆದು, ಹೂವಿಟ್ಟು ಪೂಜೆ ಮಾಡುತ್ತಾರೆ. ಗಂಡ ಸತ್ತವರು ಮಾಡುವಂತಿಲ್ಲ. ಅಕ್ಕಣಿಯಮ್ಮ ಪೂಜೆ ಮಾಡಲೂ ಇಲ್ಲ. ಅವಳು ಜೂನ್‌ನಲ್ಲಿ ಕೂರುತ್ತಿದ್ದಲ್ಲೇ ಕುಳಿತಳು, ಅದೇ ಬಟ್ಟಲು, ಅದೇ ಒಂದು ಹೂ. ತಿಂಗಳು ಬದಲಾದದ್ದು ಅವಳಿಗೆ ಲಕ್ಷ್ಯವೇ ಇರಲಿಲ್ಲ. ಮೂವತ್ತು ವರ್ಷ ಹೊರಗಿದ್ದವಳಿಗೆ ಸೋಣ ಮರೆತುಹೋಗಿತ್ತೋ ಏನೋ.

ರುಕ್ಕು ಶೆಡ್ತಿಗೆ ಮರೆತಿರಲಿಲ್ಲ. ಬೇಲಿಯ ಆಚೆಯಿಂದಲೇ ಶುರುವಾಯಿತು.

"ಹ್ವಾಯ್ ಅಕ್ಕಣಿ! ಗಂಡ ಇಲ್ದವ್ಳ್ ಸೋಣದಂಗೆ ಹೊಸ್ಲಿಗ್ ಹೂ ಇಡ್ತ್ಯಲ್ಲೆ, ನನ್ನ್ ಸೊಸಿ ತುಂಬಿದ ಬಸ್ರಿ ಇಪ್ಪತಿಗೆ! ಎಂತ ಮಾಡೂಕ್ ಹೊರಟದ್ದ್ ನೀನ್?"

"ಪೂಜಿ ಅಲ್ಲ ಮಾರಾಯ್ತಿ," ಎಂದಳು ಅಕ್ಕಣಿಯಮ್ಮ. "ಹೂ ಬಾಡುದ್ ಕಾಂಬುಕೆ ಇಟ್ಟದ್ದ್."

ಸುಳ್ಳು ಹೇಳಬಾರದೆಂಬ ನೇಮ ಇದ್ದವಳ ಪಾಡು ಇದು. ನಿಜವೇ ಹೇಳಿದ್ದಳು. ಬೆಳಿಗ್ಗೆ ಅರಳಿದ ಹೂ ಸಂಜೆಗೆ ಬಾಡುತ್ತದೆ, ನಾವೂ ಹಾಗೇ ಎಂದು ನೆನಪಿಸಿಕೊಳ್ಳಲು ಭಿಕ್ಷುಗಳು ಹೂವಿಡುತ್ತಾರಂತೆ. ಆದರೆ ಮನೆಯಲ್ಲಿ ಬಸುರಿಯನ್ನಿಟ್ಟುಕೊಂಡವಳ ಕಿವಿಗೆ ಅದು ಹೇಗೆ ಕೇಳಬೇಡ!

"ಹೂ ಬಾಡುದ್ ಕಾಂತ್ಳಂಬ್ರ್! ಕೇಂಡ್ರ್ಯಾ ಎಲ್ಲ?" ರುಕ್ಕು ಶೆಡ್ತಿಯ ಸ್ವರ ಹೆದ್ದಾರಿಗೆ ಕೇಳಿಸುವಂತಿತ್ತು. "ಇನ್ನ್ ನೀನ್ ನನ್ನ್ ಹೊಸ್ಲ್ ದಾಂಟ್ಬೇಡ!"

ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು? ಸಂಜೆಯ ಹೊತ್ತಿಗೆ ಸಿಲೋನಮ್ಮ ಮಾಟ ಕಲಿತು ಬಂದವಳಾಗಿದ್ದಳು. ಕುದ್ರಿನ ಗುಲಾಬಿಯ ಸಾವೂ ಅವಳ ಬಟ್ಟಲಿನ ಹೂವಿನ ಲೆಕ್ಕಕ್ಕೆ ಹೋಯಿತು, ನರ್ಸಮ್ಮ ಅವಳ ಮನೆಯಿಂದಲೇ ಹೋದದ್ದಲ್ಲವೇ ಎಂದು. ಚಾವಡಿಗೆ ಬರುವ ಹೆಂಗಸರು ನಿಂತರು. ಊರಿನಲ್ಲಿ ಮತ್ತೆ ಗೋಧಿಯನ್ನು ಗಡಿಗೆಯಲ್ಲಿ ಕುದಿಸುವ ವಾಸನೆ.

ಅವತ್ತು ಅಕ್ಕಣಿಯಮ್ಮ ಅಡಿಕೆಯನ್ನು ಪುಡಿಪುಡಿಯಾಗುವವರೆಗೆ ಕುಟ್ಟಿದಳು. "ನಿಮ್ಗ್ ಸಿಟ್ಟ್ ಬತ್ತಿಲ್ಯಾ?" ಎಂದೆ.

"ಬಾರ್ದೆ? ಹೊಟ್ಟಿಯಂಗೆ ಕೆಂಡ ಇಟ್ಟಂಗ್ ಆಯ್ತ್. ಬಂದಿತ್ತ್, ಕೂಕಣ್ಲಿ. ನಾ ಅದ್ಕ್ ಊಟ ಹಾಕೂದಿಲ್ಲೆ, ಹಸ್ವಾದ್ರೆ ಅದೇ ಎದ್ದ್ ಹೋತ್ತ್," ಎಂದಳು. ಮರುದಿನ ಬಟ್ಟಲು ಎತ್ತಿಕೊಂಡು ಹಿತ್ತಿಲಿನ ದನದ ಹಟ್ಟಿಯ ಹೊಸ್ತಿಲಿಗೆ ಹೋದಳು. "ದನಕ್ಕ್ ಶಕುನ ಗೊತ್ತಿಲ್ಲೆ," ಎಂದು ಅಲ್ಲೇ ಕುಳಿತಳು. ಕೂತ ಮೇಲೆ ಕೊನೆಗೆ ಅವಳು ಮೆಲ್ಲಗೆ ಹಾರೈಸುವ ಮಾತುಗಳಿದ್ದವು: ನಾನು ಸುಖವಾಗಿರಲಿ, ನನ್ನವರು ಸುಖವಾಗಿರಲಿ, ದಾರಿಯಲ್ಲಿ ಹೋಗುವವರು ಸುಖವಾಗಿರಲಿ, ನನ್ನನ್ನು ಕಂಡರೆ ಆಗದವರು ಸುಖವಾಗಿರಲಿ. ಈಗ ಕೊನೆಯದಕ್ಕೆ ಒಂದು ಹೆಸರು ಸೇರಿತು. "ರುಕ್ಕು ಸುಖವಾಗಿರ್ಲಿ, ವನಜಾಗೆ ಸುಖದಂಗೆ ಹೆರ್ಗಿ ಆಯ್ಲಿ." ದನ ಬಾಲ ಬೀಸುತ್ತ ಕೇಳುತ್ತಿತ್ತು.

ನಾನೂ ಅಲ್ಲಿ ಅವಳ ಪಕ್ಕ ಕೂರತೊಡಗಿದೆ. ನನಗೆ ಮೊದಲನೆಯದೇ ಬಾಯಿಗೆ ಬರುತ್ತಿರಲಿಲ್ಲ.

ಹತ್ತು ದಿನ ಕಳೆದಿರಬೇಕು. ಬೆಳಿಗ್ಗೆ ಇನ್ನೂ ಏನೂ ತಿಂದಿರಲಿಲ್ಲ, ರುಕ್ಕು ಶೆಡ್ತಿ ಗೊರಬೂ ಇಲ್ಲದೆ ಮಳೆಯಲ್ಲಿ ಓಡಿ ಬಂದಳು. ವನಜಾಗೆ ನೋವು ಶುರುವಾಗಿತ್ತು. ಹಳೆಯ ಸೂಲಗಿತ್ತಿ ಮಗಳ ಮನೆಗೆಂದು ಬೈಂದೂರಿಗೆ ಹೋಗಿದ್ದಳು. ಅಂಗಳದಲ್ಲೇ ನಿಂತು, "ನರ್ಸಮ್ಮ, ಬನಿ, ಬೇಗ ಬನಿ," ಎಂದಳು.

ನೆಪ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕಣಿಯಮ್ಮ ನನ್ನ ಪೆಟ್ಟಿಗೆ ಎತ್ತಿಕೊಂಡು ಮುಂದೆ ನಡೆದಾಗಿತ್ತು. ಹಿಂದೆ ಹೋದೆ. ರುಕ್ಕು ಶೆಡ್ತಿಯ ಮನೆಯ ಎದುರು ಬಂದಾಗ ಅಕ್ಕಣಿಯಮ್ಮ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು ಸೂರಿನ ನೀರಿನ ಆಚೆ ನಿಂತಳು. ಹೊಸ್ತಿಲ ಮೇಲೆ ಅವತ್ತಿನ ಶೇಡಿ ಗೆರೆ, ಹೂ. ಒಳಗಿಂದ ವನಜಾಳ ಕೂಗು ಬಂತು. ನಾನು ಸೂರಿನಡಿಯಲ್ಲೇ ನಿಂತೆ.

"ನಾನೊಬ್ಳೇ ಬತ್ತಿಲ್ಲೆ," ಎಂದೆ. "ಅಕ್ಕಣಿಯಮ್ಮ ಬಂದ್ರೆ ಬತ್ತೆ."

ರುಕ್ಕು ಶೆಡ್ತಿ ನನ್ನನ್ನು ನೋಡಿದಳು, ಮಳೆಯಲ್ಲಿ ನಿಂತವಳನ್ನು ನೋಡಿದಳು. ಒಳಗಿನಿಂದ ಇನ್ನೊಂದು ಕೂಗು ಬಂತು. ಬಗ್ಗಿ ಸೆರಗಿನಿಂದ ಹೊಸ್ತಿಲ ಮೇಲಿನ ಗೆರೆಯನ್ನು ತಾನೇ ಒರೆಸತೊಡಗಿದಳು.

"ಬಾ ಅಕ್ಕಣಿ. ಅವತ್ತ್ ಹೇಳಿದ್ದನ್ನ್ ಹಿಂದ್ ತಕಂಡೆ. ಬಾ."

"ಒರ್ಸೂದ್ ಎಂತಕ್ಕೆ? ಗೆರೆ ಎಂತ ಮಾಡಿತ್ತ್ ಪಾಪ," ಎಂದು ಅಕ್ಕಣಿಯಮ್ಮ ಬಂದು ನನ್ನ ಪಕ್ಕ ನಿಂತಳು. "ಹೆಣೆ, ಮೂರ್ ಉಸ್ರ್. ಕಡಿಗ್ ಒಳ್ಗೆ."

"ಇದ್ ಉಸ್ರ್ ಎಣ್ಸೂ ಹೊತ್ತಾ?" ರುಕ್ಕು ಶೆಡ್ತಿ ಅಳುಮುಖದಲ್ಲಿ ಕೂಗಿದಳು.

"ನೀನೂ ತಕೋ ಮೂರ್."

ಹಾಗೆ ನಾವು ಮೂವರು ಹೆಂಗಸರು ಒದ್ದೆಯಾಗಿ ಒಂದು ಹೊಸ್ತಿಲ ಎದುರು ಸಾಲಾಗಿ ನಿಂತು ಉಸಿರಾಡಿದೆವು. ಈಗ ನೆನೆದರೆ ನಗು ಬರುತ್ತದೆ. ಮೂರನೆಯ ಉಸಿರು ಹೊರಗೆ ಹೋದಾಗ ನನ್ನ ಕಾಲು ಒಳಗಿತ್ತು.

ಸುಲಭದ ಹೆರಿಗೆಯೇ ಆಯಿತು. ಮಗು ಹುಟ್ಟಿದ ಮೇಲಿನ ರಕ್ತ ಕಂಡಾಗ ಮಾತ್ರ ಕುದ್ರಿನ ಕೋಣೆ ಕಣ್ಣೆದುರು ಬಂತು. ಕಲ್ಲು ಈಚೆಗೆ, ಕಲ್ಲು ಆಚೆಗೆ ಎಂದು ಉಸಿರು ಬಿಟ್ಟೆ, ಹೊಟ್ಟೆಯ ಮೇಲೆ ಕೈಯಿಟ್ಟು ಕಾದೆ. ಎಲ್ಲರಿಗೂ ಹೋಗುವಷ್ಟೇ ಹೋಗಿ ನಿಂತಿತು. ಆದರೆ ಬಾಗಿಲ ಹೊರಗಿನಿಂದ ರುಕ್ಕು ಶೆಡ್ತಿ, "ನರ್ಸಮ್ಮ, ಎಂತ ಮಗು?" ಎಂದು ಕೇಳಿದಾಗ ನನಗೆ ಗುಲಾಬಿಯ ಸ್ವರವೇ ಕೇಳಿಸಿತು. ಬಾಯಿ ತೆರೆದೆ, ಶಬ್ದ ಬರಲಿಲ್ಲ. ಅಕ್ಕಣಿಯಮ್ಮ ನನ್ನ ಮುಖ ನೋಡಿ, "ಗಂಡ್," ಎಂದು ತಾನೇ ಕೂಗಿ ಹೇಳಿದಳು.

ಮನೆಗೆ ಬಂದ ಮೇಲೆ ಹಟ್ಟಿಯ ಹೊಸ್ತಿಲಲ್ಲಿ ಕೂರಿಸಿ ಕೇಳಿದಳು, "ಒಂದ್ ಮಾತ್ ಹೇಳೂಕೆ ಅಷ್ಟ್ ಕಷ್ಟ ಎಂತಕ್ಕೆ ಆಯ್ತ್?" ಆಗ ಹೇಳಿದೆ. ಗುಲಾಬಿ ಕೇಳಿದ್ದು, ನಾನು ಗದರಿದ್ದು, ಅವಳು ಹೋದದ್ದು, ಎಲ್ಲ. ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ. ಆದರೆ ಅವಳು, "ಈ ಮಾತ್ ನಂಗ್ ಹೇಳುದಲ್ಲ ಹೆಣೆ. ಹೊಳಿ ಇಳ್ದಿತ್ತ್. ಕುದ್ರಿಗ್ ಹೋಗ್," ಎಂದಳು.

ಎರಡು ದಿನ ಬಿಟ್ಟು ಹೋದೆ. ಸೋಣದ ಬಿಸಿಲುಮಳೆ, ಹೊಳೆಯ ಕೆಂಪು ತಿಳಿಯಾಗುತ್ತಿತ್ತು. ಕುದ್ರಿನ ಎಲ್ಲ ಮನೆಗಳ ಹೊಸ್ತಿಲಲ್ಲೂ ಹೂವಿತ್ತು. ಬಚ್ಚಿಯ ಮನೆಯದು ಮಾತ್ರ ಬೋಳಾಗಿತ್ತು. ಸಾವಾದ ಮನೆ, ಆ ವರ್ಷ ಪೂಜೆಯಿಲ್ಲ. ಅವಳು ಒಳಗೆ ತೆಂಗಿನ ನಾರು ಹೊಸೆಯುತ್ತ, ಕಾಲಬೆರಳಿಗೆ ಸಿಕ್ಕಿಸಿದ ಹಗ್ಗದಿಂದ ಜೋಳಿಗೆಯ ತೊಟ್ಟಿಲು ತೂಗುತ್ತಿದ್ದಳು. ಮೂರು ಉಸಿರು ತೆಗೆದುಕೊಂಡೆ. ಒಳಗೆ ಹೋಗಲು ಆಗಲಿಲ್ಲ, ಆ ಬೋಳು ಹೊಸ್ತಿಲ ಮೇಲೆಯೇ ಕುಳಿತೆ.

"ಬನಿ ನರ್ಸಮ್ಮ," ಎಂದಳು ಬಚ್ಚಿ. "ನೀವ್ ಬತ್ರಿ ಅಂದೇಳಿ ದಿನಾ ಕಾಣ್ತಿದ್ದಿದ್ದೆ." ಆಡಿನ ಹಾಲು ಕುಡಿಯುತ್ತದೆ, ರಾತ್ರಿ ಸ್ವಲ್ಪ ಹಟ ಎಂದು ಮಗುವಿನ ಸುದ್ದಿ ಹೇಳಿದಳು. ಆಮೇಲೆ ಹೊಸೆಯುವುದನ್ನು ನಿಲ್ಲಿಸಿ ಕೇಳಿದಳು: "ಒಳ್ಗ್ ನೀವೊಬ್ರೇ ಇದ್ದದ್ದ್. ಅವ್ಳ್ ಕಡಿಗ್ ಎಂತಾರೂ ಹೇಳಿದ್ಳಾ?"

ಒಂದೂವರೆ ತಿಂಗಳು ನಾನು ಓಡಿಹೋಗುತ್ತಿದ್ದದ್ದು ಈ ಪ್ರಶ್ನೆಯಿಂದಲೇ. ಹೇಳಿದೆ. "ಎಂತ ಮಗು ಅಂದೇಳಿ ಕೇಂಡ್ಳ್. ನಾನ್ ಹೇಳ್ಲಿಲ್ಲೆ. ಸುಮ್ನಿರ್ ಅಂದೇಳಿ ಗದರ್ಸ್ದೆ."

ಬಚ್ಚಿ ತೊಟ್ಟಿಲ ಹಗ್ಗ ಬಿಟ್ಟಳು. ಬೈಯುತ್ತಾಳೆ ಎಂದು ತಲೆ ತಗ್ಗಿಸಿದೆ. ಬೈದಿದ್ದರೆ ಒಳ್ಳೆಯದಿತ್ತು ಎಂದೂ ಅನ್ನಿಸಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಗುಲಾಬಿ ಮಲಗಿದ್ದ ಕೋಣೆಯ ಕಡೆ ಕೈ ತೋರಿಸಿದಳು.

"ಅವ್ಳ್ ಕೇಂಡದ್ದಕ್ಕ್ ನೀವೇ ಹೇಳ್ಬೇಕಲ್ದಾ? ಈಗ ಹೇಳಿ."

ನಾನು ಎದ್ದೆ. ಆ ಕೋಣೆಯ ಬಾಗಿಲಿಗೆ ಹೋದೆ. ಒಳಗೆ ಒಂದು ಮಡಿಸಿಟ್ಟ ಚಾಪೆ, ಒಂದು ಮರದ ಮಣೆ, ಹೆಂಚಿನ ಸಂದಿಯಿಂದ ಬಿದ್ದ ಬಿಸಿಲು.

"ಹೆಣ್ಣ್, ಗುಲಾಬಿ," ಎಂದೆ. "ಹೆಣ್ ಮಗು. ಚೆಂದ ಇತ್ತ್."

ಹಿಂದಿನಿಂದ ಬಚ್ಚಿ ಮಗುವನ್ನು ತಂದು ನನ್ನ ಕೈಯಲ್ಲಿಟ್ಟಳು. ನಾನು ಅಲ್ಲೇ ಕುಳಿತು ಅತ್ತೆ. ಅತ್ತು ಮುಗಿದ ಮೇಲೆ ಮಗುವನ್ನು ತೂಗಿ ನೋಡಿದೆ, ಹೊಕ್ಕುಳು ನೋಡಿದೆ, ಕಣ್ಣಿಗೆ ಮದ್ದು ಹಾಕಿದೆ. ತೂಕ ಕಡಿಮೆಯಿತ್ತು, ಉಳಿದಂತೆ ಗಟ್ಟಿ. ತಿರುಗಿ ಬರುವಾಗ ದೋಣಿಯ ತಳದ ನೀರು ಪೆಟ್ಟಿಗೆಯೊಳಗೆ ನುಗ್ಗಿ ಕೆಲಸ ಬಿಡುವ ಕಾಗದ ಒದ್ದೆಯಾಗಿ ಮುದ್ದೆಯಾಗಿತ್ತು. ಇನ್ನೊಂದು ಬರೆಯಲಿಲ್ಲ.

ಆ ಸಂಜೆ ಚಾವಡಿಯಲ್ಲಿ ಹೆಂಗಸರು ಬಂದು ಕೂತಿದ್ದರು. ರುಕ್ಕು ಶೆಡ್ತಿ ಬೀಸುಕಲ್ಲಿನ ಎದುರು ಕೂತು ಉಳಿದವರಿಗೆಲ್ಲ ಹೇಗೆ ಉಸಿರಾಡಬೇಕೆಂದು ಪಾಠ ಮಾಡುತ್ತಿದ್ದಳು, ತಾನೇ ಸಿಲೋನಿಗೆ ಹೋಗಿ ಬಂದವಳ ಹಾಗೆ. ಅಕ್ಕಣಿಯಮ್ಮ ಬಟ್ಟಲನ್ನು ಎದುರುಬಾಗಿಲ ಹೊಸ್ತಿಲಿಗೆ ತಿರುಗಿ ತಂದಿದ್ದಳು. ಯಾರ ಖುಷಿ ಕಂಡೆ ಎಂದು ಅವತ್ತು ನನ್ನನ್ನು ಕೇಳಲಿಲ್ಲ. ಬಿಸಿ ರೊಟ್ಟಿ ಮುರಿದು ಕೈಗೆ ಕೊಟ್ಟಳು.

ನಾಲ್ಕು ವರ್ಷ ಆ ಮನೆಯಲ್ಲಿದ್ದೆ. ವರ್ಗವಾಗಿ ಬಂದ ಮರುವರ್ಷ ಅವಳು ತೀರಿಕೊಂಡಳೆಂದು ರುಕ್ಕು ಶೆಡ್ತಿಯೇ ಕಾಗದ ಬರೆಸಿದ್ದಳು. ಕೊನೆಯ ದಿನವೂ ಹೊಸ್ತಿಲಲ್ಲಿ ಹೂವಿತ್ತಂತೆ, ಇಟ್ಟದ್ದು ವನಜಾ ಅಂತೆ.

ಮೂವತ್ತಾರು ವರ್ಷ ನಾನು ಹೆರಿಗೆ ಮಾಡಿಸಿದೆ. ಎಷ್ಟು ಎಂದು ಎಣಿಸಿಡಲಿಲ್ಲ. ಪ್ರತಿ ಮನೆಯ ಹೊಸ್ತಿಲಲ್ಲೂ ಒಂದು ಕ್ಷಣ ನಿಲ್ಲುತ್ತಿದ್ದೆ. ನರ್ಸಮ್ಮ ಕುಲದೇವರನ್ನು ನೆನೆಯುತ್ತಾರೆ ಎಂದು ಜನ ಹೇಳಿಕೊಳ್ಳುತ್ತಿದ್ದರು, ನಾನೂ ತಿದ್ದಲಿಲ್ಲ. ಒಳಗೆ ಹೋದ ಮೇಲೆ, ಎಷ್ಟೇ ಅವಸರವಿರಲಿ, ಎಷ್ಟೇ ರಕ್ತವಿರಲಿ, ಹೊಕ್ಕುಳಬಳ್ಳಿ ಕತ್ತರಿಸುವ ಮೊದಲು ತಾಯಿಯ ಕಿವಿಯ ಹತ್ತಿರ ಬಗ್ಗಿ ಅದು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದೆ. ಅವಳು ಕೇಳುವವರೆಗೆ ಕಾಯುತ್ತಿರಲಿಲ್ಲ.